ನನ್ನ ಚಾಕು ಮತ್ತು ಅದನ್ನು ಮಡಚಲಾರದವರು

ಜೇಬಿನಲ್ಲಿ ಚಾಕು ಇಟ್ಟುಕೊಂಡು ಓಡಾಡುವವರನ್ನು ಜನ ಎರಡು ಪ್ರಶ್ನೆ ಕೇಳುತ್ತಾರೆ. ಮೊದಲನೆಯದು, "ಚಾಕು ಯಾಕೆ?" ಸ್ವಲ್ಪ ಹೊತ್ತು ಬಿಟ್ಟು ಎರಡನೆಯದು, "ಚಾಕು ಇದೆಯಾ?" ಎರಡನ್ನೂ ಕೇಳುವವರು ಸಾಮಾನ್ಯವಾಗಿ ಒಬ್ಬರೇ. ಹಾಗಾಗಿ ನನಗೆ ಇಂಥ ಪ್ರಸಂಗಗಳು ತಪ್ಪುವುದೇ ಇಲ್ಲ.

ಚಾಕು ದೊಡ್ಡದೇನಲ್ಲ. ಮಡಚಿದರೆ ಅಂಗೈಯೊಳಗೆ ಅಡಗುತ್ತದೆ. ಒಂದು ಬ್ಲೇಡು, ಪುಟ್ಟ ಕತ್ತರಿ, ಸ್ಕ್ರೂಡ್ರೈವರ್, ಗರಗಸ, ಬಾಟಲಿ ಮುಚ್ಚಳ ತೆಗೆಯುವ ಕೊಕ್ಕೆ, ಮುಳ್ಳು ಕೀಳುವ ಚಿಮುಟ, ಎಲ್ಲ ಒಂದೇ ಹಿಡಿಯಲ್ಲಿ. ಎಂ.ಎಸ್ಸಿ. ಮುಗಿದಾಗ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ. ಬ್ಲೇಡನ್ನು ಪೂರ್ತಿ ತೆಗೆದರೆ 'ಟಕ್' ಎಂದು ಲಾಕ್ ಆಗುತ್ತದೆ. ಕೊಯ್ಯುವಾಗ ತಾನಾಗಿ ಮಡಚಿಕೊಂಡು ಬೆರಳ ಮೇಲೆ ಬೀಳಬಾರದೆಂದು ಈ ಏರ್ಪಾಡು. ಮಡಚಬೇಕಾದರೆ ಹಿಡಿಯ ಒಳಗಿರುವ ತಗಡಿನ ಪಟ್ಟಿಯನ್ನು ಹೆಬ್ಬೆರಳಿನಿಂದ ಪಕ್ಕಕ್ಕೆ ಸರಿಸಿ, ಆಮೇಲೆ ಬ್ಲೇಡನ್ನು ಒಳಕ್ಕೆ ತಳ್ಳಬೇಕು. ಈ ಕೊನೆಯ ವಾಕ್ಯವನ್ನು ಚಾಕು ಕೊಡುವಾಗಲೆಲ್ಲ ಹೇಳುತ್ತೇನೆ. ಇದುವರೆಗೆ ಒಬ್ಬರೂ ಕೇಳಿಸಿಕೊಂಡಿಲ್ಲ.

ನಾನು ಮೈಸೂರಿನ ಹೆಬ್ಬಾಳದ ಒಂದು ಊದುಬತ್ತಿ ಕಾರ್ಖಾನೆಯ ಲ್ಯಾಬಿನಲ್ಲಿದ್ದೇನೆ. ಊದುಬತ್ತಿ ಹಚ್ಚಿಟ್ಟು, ಹೇಗೆ ಉರಿಯುತ್ತದೆ, ಬೂದಿ ಎಲ್ಲಿ ಬೀಳುತ್ತದೆ ಎಂದು ನೋಡುವುದು ನನ್ನ ಕೆಲಸ. "ನಮ್ಮಜ್ಜಿ ಇದನ್ನ ಓದದೇನೇ ಮಾಡ್ತಿದ್ರು" ಎನ್ನುತ್ತಾರೆ ಅಮ್ಮ. ಈ ಪ್ರಸಂಗಗಳೆಲ್ಲ ನಾನು ಹೊಸದಾಗಿ ಸೇರಿ ಪ್ರೊಬೇಷನ್ನಿನಲ್ಲಿದ್ದಾಗಿನವು. ಖಾಯಂ ಮಾಡುವುದು, ಬಿಡುವುದು ನಮ್ಮ ಮ್ಯಾನೇಜರ್ ಕೈಯಲ್ಲಿತ್ತು. ಆದರೆ ಅಮ್ಮ ಕಾಯಲಿಲ್ಲ. "ನಮ್ಮ ಹುಡುಗಿಗೆ ಪರ್ಮನೆಂಟ್ ಆಯ್ತು" ಎಂದು ಬೀದಿಗೆಲ್ಲ ಬೂಂದಿ ಲಾಡು ಹಂಚಿಬಿಟ್ಟರು. ಆದ್ದರಿಂದ ನಾನು ಖಾಯಂ ಆಗಲೇಬೇಕಿತ್ತು. ತಿಂದ ಲಾಡನ್ನು ಯಾರೂ ವಾಪಸ್ ಕೊಡುವುದಿಲ್ಲ.

ಗೇಟಿನಲ್ಲಿ

ಸೇರಿದ ಮೊದಲ ದಿನ ಗೇಟಿನಲ್ಲಿ ಬ್ಯಾಗು ತಪಾಸಣೆ. ಅಲ್ಲಿನ ಸೆಕ್ಯೂರಿಟಿಯವರು ಮಿಲಿಟರಿಯಿಂದ ನಿವೃತ್ತರಾದವರು. ದಪ್ಪ ಮೀಸೆ. ಚಾಕು ಕಂಡ ಕೂಡಲೇ ಮೀಸೆ ಇನ್ನಷ್ಟು ದಪ್ಪವಾಯಿತು.

"ಏನಮ್ಮ ಇದು?"

"ಚಾಕು ಸರ್. ಸ್ಯಾಂಪಲ್ ಚೀಲ ಕೊಯ್ಯೋಕೆ."

"ಬರೀ ಚಾಕುನಾ?"

"ಇಲ್ಲ ಸರ್, ಒಳಗೆ ಇನ್ನೂ ಸಾಮಾನಿದೆ."

ಸೈನ್ಯದಲ್ಲಿದ್ದವರು ಬಾಯಿಮಾತನ್ನು ನಂಬುವುದಿಲ್ಲ. ಒಂದೊಂದನ್ನೇ ಬಿಚ್ಚಿ ನೋಡತೊಡಗಿದರು.

"ಇದು?"

"ಕತ್ತರಿ ಸರ್."

"ಇದು?"

"ಗರಗಸ."

"ಇದೇನಿದು?"

"ಚಿಮುಟ. ಮುಳ್ಳು ಚುಚ್ಚಿದರೆ ಕೀಳೋಕೆ."

"ಇಲ್ಲೆಲ್ಲಮ್ಮ ಮುಳ್ಳು? ಎಲ್ಲಾ ಕಾಂಕ್ರೀಟು!"

ಎಲ್ಲ ಬಿಚ್ಚಿ ಮೇಜಿನ ಮೇಲಿಟ್ಟರು. ಅದು ಕಾಲುಗಳನ್ನೆಲ್ಲ ಚಾಚಿದ ಏಡಿಯ ಹಾಗೆ ಕೂತಿತು. ಅಷ್ಟರಲ್ಲಿ ಶಿಫ್ಟಿನ ಬಸ್ಸು ಬಂದು, ನನ್ನ ಹಿಂದೆ ಸಾಲು ರಸ್ತೆವರೆಗೆ ಬೆಳೆಯಿತು.

"ಇದು ಆಯುಧ. ಒಳಗೆ ಬಿಡಕ್ಕಾಗಲ್ಲ. ಇಲ್ಲಿಟ್ಟು ಹೋಗಿ, ಸಂಜೆ ತಗೊಳ್ಳಿ."

"ಸರಿ ಸರ್."

ಈಗ ಅದನ್ನು ಎತ್ತಿಡಬೇಕಿತ್ತು. ಮಡಚಲು ನೋಡಿದರು. ಕತ್ತರಿ ಒಳಗೆ ಹೋದರೆ ಗರಗಸ ಹೊರಗೆ ಬಂತು. ಬ್ಲೇಡು ಜಗ್ಗಲಿಲ್ಲ. ಬಿಚ್ಚಿದ ಹಾಗೇ ಡ್ರಾಯರಿನಲ್ಲಿಟ್ಟರು, ಡ್ರಾಯರು ಮುಚ್ಚಲಿಲ್ಲ. ಕುರ್ಚಿಯ ಮೇಲಿಟ್ಟರು; ತಾವೆಲ್ಲಿ ಕೂರುವುದೆಂದು ಹೊಳೆದು ಬೇಗ ತೆಗೆದರು. ಟೋಪಿ ತೆಗೆದು ಅದರೊಳಗೆ ಇಟ್ಟರು. ಸ್ವಲ್ಪ ಹೊತ್ತು ಟೋಪಿಯನ್ನು ನೋಡಿ ಅದನ್ನೂ ಖಾಲಿ ಮಾಡಿದರು.

"ಸರ್, ನಾನು ಮಡಚಿಕೊಡ್ಲಾ?"

"ಮುಟ್ಬೇಡಿ! ಸೀಜ್ ಆಗಿದೆ."

ಸಾಲಿನ ಕೊನೆಯಿಂದ ಯಾರೋ ಕೂಗಿದರು. "ಸಾ, ಪಂಚಿಂಗ್ ಲೇಟಾಯ್ತದೆ, ಎಂಗಾದ್ರೂ ಮುಗುಸ್ರೀ!"

ಸೆಕ್ಯೂರಿಟಿಯವರು ಏಡಿಯನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಕಡೆ ತಳ್ಳಿದರು.

"ತಗೊಂಡೋಗಮ್ಮ ಒಳಗೆ. ಇಂಥ ಡೇಂಜರ್ ಸಾಮಾನೆಲ್ಲ ಗೇಟಲ್ಲಿ ಇಟ್ಕೊಳ್ಳಂಗಿಲ್ಲ."

ಕೈಯಿಂದ ಕೈಗೆ

ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿಯನ್ನು ಇಡೀ ಕಾರ್ಖಾನೆ ಅಕ್ಕ ಎನ್ನುತ್ತದೆ. ಒಂದು ದಿನ ಲ್ಯಾಬಿಗೆ ಬಂದು, "ನಮ್ ಕಟರ್ ಮುರ್ದೋಯ್ತು. ಆ ನಿನ್ ಚಾಕು ಕೊಡು ಕಣಮ್ಮ" ಎಂದರು. ತೆಗೆದು ಚಾಚಿದೆ. ಅಕ್ಕ ಹಿಂದಕ್ಕೆ ಹಾರಿದರು.

"ಕೈಗ್ ಕೊಡ್ಬೇಡ! ಚಾಕು, ಕತ್ರಿ, ಉಪ್ಪು, ಮೆಣಸಿನ್ಕಾಯಿ ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ. ಕೆಳಗಿಡು."

ಮೇಜಿನ ಮೇಲಿಟ್ಟೆ. ಎತ್ತಿಕೊಂಡು ಹೋದರು. ಪೆಟ್ಟಿಗೆಗಳಿಗೆ ಬಿಗಿದ ಪ್ಲಾಸ್ಟಿಕ್ ಪಟ್ಟಿ ಕೊಯ್ದು, ಬಿಚ್ಚಿದ ಚಾಕುವನ್ನು ತಂದು ಮತ್ತೆ ಮೇಜಿನ ಮೇಲಿಟ್ಟರು.

"ಮಡಚ್ಕೊಳ್ಳಕಿಲ್ಲ. ಕೆಟ್ಟೋಗದೆ ಇದು."

"ಕೆಟ್ಟಿಲ್ಲ ಅಕ್ಕ. ಈ ಪಟ್ಟಿ ಪಕ್ಕಕ್ಕೆ ಸರಿಸ್ಬೇಕು, ಅಷ್ಟೇ. ನೋಡಿ."

ಎತ್ತಿ, ಮಡಚಿ, ಬಿಚ್ಚಿ, ಕೆಳಗಿಟ್ಟೆ. ಅಕ್ಕ ಎತ್ತಿ ಪ್ರಯತ್ನಿಸಿ ಕೆಳಗಿಟ್ಟರು. ನಾನು ಎತ್ತಿದೆ, ಇಟ್ಟೆ. ಅವರು ಎತ್ತಿದರು, ಇಟ್ಟರು. ದೂರದಿಂದ ನೋಡಿದವರಿಗೆ ಇಬ್ಬರೂ ಚೌಕಾಬಾರ ಆಡುತ್ತಿದ್ದ ಹಾಗೆ ಕಂಡಿರಬೇಕು.

"ಎಲ್ಲದೆ ನಿನ್ ಪಟ್ಟಿ?"

"ನಿಮ್ಮ ಹೆಬ್ಬೆರಳ ಕೆಳಗೇ ಇದೆ."

"ಇದಾ?"

"ಅದು ಸ್ಕ್ರೂ. ಬೆರಳು ಇಲ್ಲಿ ತನ್ನಿ" ಎಂದು ಅವರ ಹೆಬ್ಬೆರಳನ್ನು ಹಿಡಿದು ಸರಿಯಾದ ಜಾಗಕ್ಕೆ ಒಯ್ದೆ. ಅಕ್ಕ ಚಾಕುವನ್ನು ಮೇಜಿನ ಮೇಲೆ ಕುಕ್ಕಿದರು.

"ಅಯ್ಯೋ, ಇಬ್ರೂ ಒಟ್ಗೆ ಇಡ್ಕೊಂಡ್ಬುಟ್ವಲ್ಲೇ!"

"ನಾನು ಹಿಡ್ಕೊಂಡಿದ್ದು ನಿಮ್ಮ ಬೆರಳು. ಚಾಕು ಅಲ್ಲ."

"ಬೆರಳು ಚಾಕು ಮೇಲಿರ್ಲಿಲ್ವಾ?"

"ಹಾಗಾದ್ರೆ ನಾವಿಬ್ರೂ ಮೇಜು ಮುಟ್ಟಿದ್ವಿ, ಮೇಜಿನ ಮೇಲೆ ಚಾಕು ಇತ್ತು. ಅದೂ ಲೆಕ್ಕವೇ."

"ಓದಿವ್ನಿ ಅಂತ ಬಾಯ್ ಮಾಡ್ಬೇಡ."

"ನೀವು ದೊಡ್ಡೋರು ಅಂತ ಸುಮ್ನಿದ್ದೀನಿ."

"ಇದು ಸುಮ್ನಿರಾದಾ? ಸುಮ್ನಿಲ್ದಿದ್ರೆ ಇನ್ನೆಂಗೋ!"

ಪ್ಯಾಕಿಂಗಿನವರೆಲ್ಲ ಕೆಲಸ ಬಿಟ್ಟು ಬಂದರು. ಬೆರಳು ಬೇರೆ ಚಾಕು ಬೇರೆ ಎನ್ನುವವರು ನನ್ನ ಕಡೆ, ಚಾಕು ಹಿಡಿದ ಬೆರಳೂ ಚಾಕುವೇ ಎನ್ನುವವರು ಅಕ್ಕನ ಕಡೆ. ಕೈಗವಸು ಹಾಕಿಕೊಂಡರೆ ಲೆಕ್ಕಕ್ಕಿಲ್ಲ ಎಂದು ಒಬ್ಬರು ರಾಜಿಗೆ ಬಂದರು. ಅವರಿಗೆ ಎರಡು ಕಡೆಯಿಂದಲೂ ಬೈಗುಳ ಬಿತ್ತು. ಗದ್ದಲ ಕೇಳಿ ಮ್ಯಾನೇಜರ್ ಬಂದರು. ಸಣ್ಣ ಆಳು, ಇಸ್ತ್ರಿ ಕೆಡದ ಷರಟು, ಸದ್ದಾದರೆ ಆಗದು. ಎಲ್ಲರೂ ಮಾಯವಾಗಿ ನಾನು, ಅಕ್ಕ, ಚಾಕು ಉಳಿದೆವು.

"ಕೆಲಸದ ಜಾಗದಲ್ಲಿ ಚಾಕು ಯಾಕ್ರೀ? ನೀವಿನ್ನೂ ಪ್ರೊಬೇಷನ್ ಅಲ್ವಾ? ಇದರಿಂದ ಇನ್ನೊಂದು ರಗಳೆ ನನ್ನ ಕಿವಿಗೆ ಬಿದ್ರೆ, ಕನ್ಫರ್ಮೇಷನ್ ಮರ್ತುಬಿಡಿ."

ಅವರು ಹೋದರು. ಅಕ್ಕ ಹತ್ತಿರ ಬಂದು, ಗೆದ್ದವರ ದನಿಯಲ್ಲಿ ಪಿಸುಗುಟ್ಟಿದರು.

"ನೋಡ್ದಾ? ಜಗಳ ಆಯ್ತದೆ ಅಂತ ನಾನ್ ಮೊದ್ಲೇ ಏಳ್ಳಿಲ್ವಾ?"

ತುರುಬಿನ ಎಣ್ಣೆ

ಆಮೇಲೆ ಚಾಕುವನ್ನು ಬ್ಯಾಗಿನ ತಳಕ್ಕೆ ಹಾಕಿದೆ. ಖಾಯಂ ಆಗುವವರೆಗೆ ತೆಗೆಯಬಾರದು ಎಂದು ತೀರ್ಮಾನ.

ಒಂದು ಸಂಜೆ ಕಂಪನಿ ಬಸ್ಸು ತಪ್ಪಿ ಸಿಟಿ ಬಸ್ಸು ಹತ್ತಿದೆ. ಪಕ್ಕದ ಸೀಟಿನ ಅಜ್ಜಿಯ ಮಡಿಲಲ್ಲಿ ಗೋಣಿಚೀಲ, ಚೀಲದಲ್ಲಿ ಹಲಸಿನಹಣ್ಣು. ಚೆನ್ನಾಗಿ ಹಣ್ಣಾಗಿತ್ತು. ಬಸ್ಸಿನಲ್ಲಿ ಮಾತು ನಿಂತಿತ್ತು. ಎಲ್ಲರೂ ಉಸಿರನ್ನು ಒಳಗೆ ಮಾತ್ರ ಎಳೆದುಕೊಳ್ಳುತ್ತಿದ್ದರು.

"ಏನಜ್ಜಿ, ಬಸ್ಸಿನವರನ್ನೆಲ್ಲ ಹಿಂಗೆ ಕೊಂದ್ರೆ ಹೆಂಗೆ?" ಎಂದರು ಕಂಡಕ್ಟರ್.

"ತಿನ್ನಿ ಅನ್ನಕ್ಕೆ ನಂಗೇನ್ ಕಷ್ಟವಾ? ಕೊಯ್ಯಕ್ ಚಾಕಿಲ್ವಲ್ಲಪ್ಪ."

ನಾನು ಕಿಟಕಿಯ ಹೊರಗೆ ನೋಡಿದೆ. ತೀರ್ಮಾನ ಎಂದರೆ ತೀರ್ಮಾನ. ಯಾದವಗಿರಿಯವರೆಗೆ ಅದು ಗಟ್ಟಿಯಾಗಿತ್ತು. ಅಲ್ಲಿ ಬಸ್ಸು ಟ್ರಾಫಿಕ್ಕಿನಲ್ಲಿ ನಿಂತು, ಗಾಳಿ ನಿಂತು, ವಾಸನೆ ಮಾತ್ರ ಉಳಿಯಿತು. ನನ್ನ ಕೈ ತಾನಾಗಿ ಬ್ಯಾಗಿನ ತಳಕ್ಕೆ ಹೋಯಿತು.

ಹಲಸು ಕೊಯ್ಯುವ ಮುಂಚೆ ಚಾಕುವಿಗೆ ಎಣ್ಣೆ ಹಚ್ಚಬೇಕೆಂದು ಎಲ್ಲರಿಗೂ ಗೊತ್ತು. ಬಸ್ಸಿನಲ್ಲಿ ಎಣ್ಣೆ ಎಲ್ಲಿಂದ ತರುವುದು? ಹಾಗೇ ಕೊಯ್ದೆ. ತೊಳೆಗಳು ಹಿಂದಿನ ಸೀಟಿನವರೆಗೂ ಹೋದವು. ಮೇಣ ಮಾತ್ರ ಲಾಕಿನೊಳಗೆ ಹೋಯಿತು. ಪಟ್ಟಿ ಸರಿಯಲಿಲ್ಲ. ಅದನ್ನು ಮಡಚಲು ಬಲ್ಲ ಏಕೈಕ ವ್ಯಕ್ತಿಯೂ ಮಡಚಲಾರದೆ ಕೂತಳು.

"ಎಣ್ಣೆ ಅಚ್ಚು ಮಗ, ಬುಟ್ಕೋತದೆ" ಎಂದರು ಅಜ್ಜಿ.

"ಎಣ್ಣೆ ಎಲ್ಲಿದೆ ಅಜ್ಜಿ?"

ಅಜ್ಜಿ ಬೆನ್ನು ತಿರುಗಿಸಿದರು. ತುರುಬು ಫಳಫಳ ಹೊಳೆಯುತ್ತಿತ್ತು. "ಇಕಾ. ಬೆಳಿಗ್ಗೆ ತಾನೇ ಅಳ್ಳೆಣ್ಣೆ ತಟ್ಕಂಡಿವ್ನಿ. ಇದಕ್ಕೆ ಒರ್ಸು."

ಬೇರೆ ದಾರಿ ಇರಲಿಲ್ಲ. ಎಡಗೈಯಲ್ಲಿ ತುರುಬು ಹಿಡಿದು, ಬಲಗೈಯಲ್ಲಿ ಬ್ಲೇಡನ್ನು ಮಲಗಿಸಿ, ಜಾಗ್ರತೆಯಿಂದ ಒರೆಸತೊಡಗಿದೆ. ಅನುಕೂಲವಾಗಲೆಂದು ಅಜ್ಜಿ ತಲೆ ಬಗ್ಗಿಸಿಕೊಟ್ಟರು. ಆಗ ಸ್ಟಾಪಿನಲ್ಲಿ ಮುಂದಿನ ಬಾಗಿಲಿನಿಂದ ಒಬ್ಬ ಯುವಕ ಹತ್ತಿದ. ಅವನಿಗೆ ಕಂಡದ್ದು ಇಷ್ಟು: ತಲೆ ತಗ್ಗಿಸಿ ಕೂತ ಒಬ್ಬ ಮುದುಕಿ, ಅವರ ತುರುಬು ಹಿಡಿದು ಚಾಕು ಆಡಿಸುತ್ತಿರುವ ಒಬ್ಬ ಹುಡುಗಿ, ಸುತ್ತಲೂ ಏನನ್ನೋ ಅಗಿಯುತ್ತ ಸುಮ್ಮನೆ ನೋಡುತ್ತಿರುವ ಜನ.

ಅಜ್ಜಿ ಕಣ್ಣು ಮಾತ್ರ ಮೇಲೆತ್ತಿ ಅವನಿಗೆ ಸಮಾಧಾನ ಹೇಳಿದರು. "ಗಾಬ್ರಿ ಬೀಳ್ಬೇಡ ಕಣಪ್ಪ. ನಾನೇ ಮಾಡು ಅಂದಿದ್ದು."

ಅವನು ಹಿಂದಿನ ಬಾಗಿಲಿನಿಂದ ಇಳಿದ. ಮಧ್ಯದಲ್ಲಿ ಇದ್ದವರ ಕಾಲು ತುಳಿದುಕೊಂಡೇ ಹೋದ. ಅವನ ಕೊರಳಲ್ಲಿ ನಮ್ಮ ಕಾರ್ಖಾನೆಯ ಐಡಿ ಕಾರ್ಡು ಇದೆಯೇ ಎಂದು ಮೊದಲು ನೋಡಿದೆ. ಇರಲಿಲ್ಲ. ಕೆಲಸ ಉಳಿಯಿತು. ಪಟ್ಟಿಯೂ ಸರಿಯಿತು.

"ಪಾಪ, ಆ ಮಗೀಗೂ ಅಂತ ಒಂದ್ ತೊಳೆ ಎತ್ಮಡಗಿದ್ದೆ" ಎಂದು ಅಜ್ಜಿ ನೊಂದುಕೊಂಡರು.

ಕಂಡಕ್ಟರ್ ಅದನ್ನು ತೆಗೆದು ಬಾಯಿಗೆ ಹಾಕಿಕೊಂಡರು. "ಇಳಿದೋರ ಸೀಟು ನಿಂತೋರಿಗೆ ಅಜ್ಜಿ. ಅದೇ ರೂಲ್ಸು."

ಪೂಜೆಗಿಟ್ಟದ್ದು

ಆಯುಧಪೂಜೆಗೆ ಅಮ್ಮ ಸ್ಕೂಟರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಈಳಿಗೆಮಣೆ ಎಲ್ಲ ಸಾಲಾಗಿಟ್ಟು, ಎಲ್ಲಕ್ಕಿಂತ ಮುಂದೆ ನನ್ನ ಚಾಕುವನ್ನು ಕೂರಿಸಿದರು.

"ಅದಕ್ಯಾಕಮ್ಮ ಅಷ್ಟು ಮರ್ಯಾದೆ?"

"ನಿನ್ನ ಕೆಲಸ ಹೋದ್ರೆ ಅದರಿಂದಾನೇ ಹೋಗೋದು. ಅದನ್ನೇ ಮೊದಲು ಒಲಿಸ್ಕೋಬೇಕು."

ದೇವಿಗೆ ಪೂರ್ತಿ ಕಾಣಲಿ ಎಂದು ಕತ್ತರಿ, ಗರಗಸ, ಚಿಮುಟ ಎಲ್ಲವನ್ನೂ ಬಿಚ್ಚಿಸಿದರು. ಒಂದೊಂದಕ್ಕೂ ಅರಿಶಿನ, ಕುಂಕುಮ, ಒಂದೊಂದು ಸೇವಂತಿಗೆ. ಮಂಗಳಾರತಿಯಾಯಿತು. ಇನ್ನು ವಿಜಯದಶಮಿಯ ಬೆಳಿಗ್ಗೆವರೆಗೆ ಯಾವ ಆಯುಧವನ್ನೂ ಮುಟ್ಟುವಂತಿಲ್ಲ.

ಆಗ ಬಚ್ಚಲಿನಿಂದ ಕೂಗು ಕೇಳಿತು. ದಸರೆಗೆಂದು ಬಂದಿದ್ದ ಸೋದರಮಾವ ಸ್ನಾನಕ್ಕೆ ಹೋಗಿದ್ದರು. ಒಳಗಿನ ಚಿಲಕ ಸಿಕ್ಕಿಕೊಂಡಿತ್ತು.

"ಅಕ್ಕಾ, ಒಂದು ಸ್ಕ್ರೂಡ್ರೈವರ್ ವೆಂಟಿಲೇಟರಿಂದ ಹಾಕು! ಚಿಲಕಾನೇ ಬಿಚ್ಚಿಬಿಡ್ತೀನಿ."

ಮನೆಯಲ್ಲಿದ್ದ ಸ್ಕ್ರೂಡ್ರೈವರ್ ಅದೊಂದೇ, ಪೂಜೆಯಲ್ಲಿ.

"ನಾಳೆ ಬೆಳಿಗ್ಗೆ ಕೊಡ್ತೀನಿ ಕಣೋ" ಎಂದರು ಅಮ್ಮ.

"ನಾಳೆಯಾ? ನಾನು ಟವೆಲ್ಲಲ್ಲಿದ್ದೀನಿ!"

ಪಕ್ಕದ ಮನೆಗೆ ಓಡಿದೆ. ಅವರದ್ದೂ ಪೂಜೆಯಲ್ಲಿತ್ತು. ಎದುರು ಮನೆಯದ್ದಕ್ಕೆ ಆಗತಾನೆ ಕುಂಬಳಕಾಯಿ ಒಡೆದಿದ್ದರು. ಬಡಗಿಗೆ ಫೋನ್ ಮಾಡಿದೆ. "ಉಳಿಗೇ ಹಾರ ಹಾಕಿ ಕೂರ್ಸಿದ್ದೀನಿ ತಾಯಿ. ನಾಳೆ ಪುನಃ ಪೂಜೆ ಮಾಡಿ ಮೊದಲು ನಿಮ್ಮನೆಗೇ ಬರ್ತೀನಿ" ಎಂದ. ಇಡೀ ಮೈಸೂರಿನಲ್ಲಿ ಆ ಹೊತ್ತಿಗೆ ಕೈಗೆ ಸಿಗುವ ಒಂದೇ ಒಂದು ಸ್ಕ್ರೂಡ್ರೈವರ್ ಇರಲಿಲ್ಲ ಎಂದು ನನ್ನ ಅಂದಾಜು.

ಅಮ್ಮ ವೆಂಟಿಲೇಟರಿನಿಂದ ಒಬ್ಬಟ್ಟು ಇಳಿಸಿದರು. "ತಿಂತಾ ಇರು. ಹೊತ್ತು ಹೋಗುತ್ತೆ."

"ಅಕ್ಕ, ನೀನು ಪೂಜೆಯಿಂದ ಎತ್ತಿಕೊಡು. ಪಾಪ ಏನಿದ್ರೂ ನನ್ನ ತಲೆ ಮೇಲೆ ಬರ್ಲಿ!"

ಅಮ್ಮ ತಕ್ಷಣ ನನ್ನತ್ತ ತಿರುಗಿದರು. "ಕೇಳಿಸ್ಕೊಂಡ್ಯಲ್ಲ? ಪಾಪ ಅವನಿಗಂತೆ. ನಿನ್ನ ಕೆಲಸಕ್ಕೇನೂ ಆಗಲ್ಲ. ತಗೊಂಡೋಗಿ ಹಾಕು."

ಹೂವು, ಕುಂಕುಮದ ಸಮೇತ ಒಳಗೆ ಇಳಿಸಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಒದ್ದೆ ಟವೆಲ್ಲು, ಮೊಣಕೈವರೆಗೆ ಕೆಂಪು, ಕೈಯಲ್ಲಿ ಎಲ್ಲ ಹಲ್ಲೂ ಬಿಚ್ಚಿದ ಚಾಕು. ತಾಂಬೂಲಕ್ಕೆ ಬಂದಿದ್ದ ಪಕ್ಕದ ಮನೆಯವರು ಮಾವನನ್ನು ಕಂಡು ತಟ್ಟೆ ಬಿಟ್ಟು ಹೊರಟೇಹೋದರು.

ಅಮ್ಮ ಚಾಕು ತೊಳೆದು, ಮತ್ತೆ ಕುಂಕುಮ ಹಚ್ಚಿ, ಅದರ ಜಾಗದಲ್ಲಿ ಕೂರಿಸಿದರು. ಬಿಚ್ಚಿದ ಚಿಲಕವನ್ನೂ ಕಬ್ಬಿಣವೇ ಅಲ್ಲವೇ ಎಂದು ಪಕ್ಕದಲ್ಲಿಟ್ಟು ಹೂ ಏರಿಸಿಬಿಟ್ಟರು. ಇನ್ನು ಅದನ್ನೂ ಮುಟ್ಟುವಂತಿಲ್ಲ.

ಮರುದಿನ ಬೆಳಗಿನವರೆಗೆ ಬಚ್ಚಲಿಗೆ ಹೋದವರೆಲ್ಲ ಗಟ್ಟಿಯಾಗಿ ಹಾಡಬೇಕಾಯಿತು.

ಟೇಪು

ನಮಗೆ ಹೊಸ ಲ್ಯಾಬ್ ಕಟ್ಟಿದರು. ಉದ್ಘಾಟನೆಗೆ ಕಂಪನಿಯ ಚೇರ್ಮನ್ ಹೈದರಾಬಾದಿನಿಂದ ವಿಮಾನದಲ್ಲಿ ಮಂಡಕಳ್ಳಿಗೆ ಬಂದಿಳಿದರು. ಮೂಲತಃ ನಮ್ಮ ಕಡೆಯವರೇ. ಎತ್ತರದ ಆಳು, ಬಿಳಿ ಕೂದಲು, ತಮಗೆ ಗೊತ್ತಿಲ್ಲದ್ದು ಏನೂ ಇಲ್ಲ ಎನ್ನುವ ನಡಿಗೆ. ನನ್ನ ಪ್ರೊಬೇಷನ್ ಅದೇ ವಾರ ಮುಗಿಯುವುದಿತ್ತು. ಮ್ಯಾನೇಜರ್ ಇನ್ನೂ ಏನೂ ಹೇಳಿರಲಿಲ್ಲ. ನಾನು ನಾಲ್ಕನೇ ಸಾಲಿನಲ್ಲಿ ಬ್ಯಾಗು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ.

ಪ್ಯಾಕಿಂಗಿನ ಅಕ್ಕ ಬೆಳ್ಳಿ ತಟ್ಟೆಯಲ್ಲಿ ಹೊಸ ಕತ್ತರಿ ತಂದರು. ಬಂಗಾರದ ಬಣ್ಣ, ಹಿಡಿಗೆ ರಿಬ್ಬನ್ನು. ಚೇರ್ಮನ್ ಟೇಪಿಗೆ ಕತ್ತರಿ ಹಾಕಿದರು. ಉದ್ಘಾಟನೆಯ ಕತ್ತರಿಗಳು ನೋಡಲಿಕ್ಕೆ ಮಾತ್ರ. ಟೇಪು ಮಡಚಿಕೊಂಡು ಬಾಯೊಳಗೆ ಹೋಯಿತು, ಹಾಗೇ ಹೊರಗೆ ಬಂತು. ಇನ್ನೊಂದು ಸಲ. ಮತ್ತೊಂದು ಸಲ. ಫೋಟೋದವನು ನಗು ಹಿಡಿದುಕೊಳ್ಳಿ ಎಂದು ಸನ್ನೆ ಮಾಡುತ್ತಲೇ ಇದ್ದ. ಚೇರ್ಮನ್ನರ ನಗು ಗಟ್ಟಿಯಾಗತೊಡಗಿತು.

ಮ್ಯಾನೇಜರ್ ಬೆವರು ಒರೆಸಿಕೊಳ್ಳುತ್ತ ನನ್ನ ಬಳಿ ಬಂದು ಬಗ್ಗಿದರು. "ಚಾಕು ಇದೆಯೇನ್ರೀ?"

ಇದೆ ಎಂದರೆ ತಂದಿದ್ದು ತಪ್ಪು. ಇಲ್ಲ ಎಂದರೆ ಸುಳ್ಳು. ಬ್ಯಾಗಿನ ತಳದಿಂದ ತೆಗೆದು ಬ್ಲೇಡು ಬಿಚ್ಚಿಕೊಟ್ಟೆ. "ಸರ್, ಮಡಚೋವಾಗ ಒಳಗಿನ ಪಟ್ಟಿ..." ಅನ್ನುವಷ್ಟರಲ್ಲಿ ಅವರು ಹೋಗಿಯಾಗಿತ್ತು.

ಚೇರ್ಮನ್ ಒಂದೇ ಎಳೆತಕ್ಕೆ ಟೇಪು ಕೊಯ್ದರು. ಜೋರು ಚಪ್ಪಾಳೆ. ಅವರು ಚಾಕುವನ್ನು ಮೆಚ್ಚಿ ನೋಡಿದರು, ಮಡಚಲು ಒತ್ತಿದರು. ಆಗಲಿಲ್ಲ. ಬೆನ್ನ ಹಿಂದೆ ಹಿಡಿದು ಒತ್ತಿದರು. ಆಗಲಿಲ್ಲ. ಕೇಳುವ ಜಾಯಮಾನ ಅವರದಲ್ಲ. ಅಕ್ಕನ ಕಡೆ ಚಾಚಿದರು.

"ಕೈಗ್ ಬ್ಯಾಡಿ ಸಾ, ಕೆಳಗಿಡಿ" ಎಂದು ಅಕ್ಕ ತಟ್ಟೆಯ ಸಮೇತ ಹಿಂದೆ ಸರಿದರು.

ಚೇರ್ಮನ್ ಕೆಳಗಿಡಲು ಬಗ್ಗಿದರು. ತಲೆ ಬಗ್ಗಿದ್ದನ್ನು ಕಂಡ ಅಕೌಂಟ್ಸಿನವರು ಓಡಿಬಂದು ಹಾರ ಹಾಕಿದರು. ಚಪ್ಪಾಳೆ. ಮತ್ತೆ ಬಗ್ಗಿದರು. ಸ್ಟೋರ್ಸಿನವರು ಮೈಸೂರು ಪೇಟ ತೊಡಿಸಿದರು. ಚಪ್ಪಾಳೆ. ಇನ್ನೊಮ್ಮೆ ಬಗ್ಗಿದಾಗ ಶಾಲು ಬಿತ್ತು. ಆಮೇಲೆ ಅವರು ಬಗ್ಗುವುದನ್ನೇ ಬಿಟ್ಟರು. ಪೇಟ, ಹಾರ, ಶಾಲು, ಬಿಚ್ಚುಗತ್ತಿ. ನಮ್ಮ ಊದುಬತ್ತಿ ಕಾರ್ಖಾನೆಯ ಮೇಲೆ ಯಾರೋ ಪಾಳೇಗಾರ ದಂಡೆತ್ತಿ ಬಂದ ಹಾಗಿತ್ತು.

ನಾನು ಎದ್ದು ನಿಂತು ಹೆಬ್ಬೆರಳನ್ನು ಪಕ್ಕಕ್ಕೆ ಸರಿಸಿ ತೋರಿಸಿದೆ. ಮ್ಯಾನೇಜರ್ ಕಣ್ಣಲ್ಲೇ ಕೂರಿಸಿದರು.

ಚೇರ್ಮನ್ ಮೈಕಿನ ಮುಂದೆ ಬಂದರು. ಮಾತಿನ ಜೊತೆ ಬಲಗೈ ಆಡಿಸುವುದು ಅವರ ಅಭ್ಯಾಸ.

"ಗುಣಮಟ್ಟದಲ್ಲಿ ರಾಜಿ ಇಲ್ಲ!" ಚಾಕು ಮುಂದಿನ ಸಾಲಿನ ಮೇಲೆ ಹಾಯಿತು. ಮುಂದಿನ ಸಾಲು ಒಟ್ಟಿಗೆ ಹಿಂದಕ್ಕೆ ವಾಲಿತು. "ಕೆಲಸಕ್ಕೆ ತಡವಾಗಿ ಬರೋರು ಯಾರಾದರೂ ಇದ್ದೀರಾ?" ಚಾಕು ಎಡದಿಂದ ಬಲಕ್ಕೆ ಹೋಯಿತು. "ಇಲ್ಲ ಸಾರ್!" "ಸಂಬಳ, ಕ್ಯಾಂಟೀನು, ಏನಾದರೂ ದೂರು?" "ಇಲ್ಲ ಸಾರ್!"

ಇಷ್ಟು ತೃಪ್ತ ಕಾರ್ಮಿಕರನ್ನು ತಾವು ಎಲ್ಲಿಯೂ ಕಂಡಿಲ್ಲ ಎಂದು ಅವರು ಮಾತು ಮುಗಿಸಿದರು.

ಆಮೇಲೆ ಮ್ಯಾನೇಜರ್ ಕೋಣೆಗೆ ನನಗೆ ಕರೆ ಬಂತು. ಚೇರ್ಮನ್ ಪೇಟ ತೆಗೆಯದೆ, ಚಾಕು ಹಿಡಿದೇ ಕೂತಿದ್ದರು.

"ಇದು ಯಾರದು?"

ನಾನು ಬಾಯಿ ತೆರೆಯುವ ಮೊದಲೇ ಮ್ಯಾನೇಜರ್ ಹೇಳಿದರು. "ಇವರದೇ ಸಾರ್. ಇನ್ನೂ ಪ್ರೊಬೇಷನ್ನು. ತೆಗೆದುಬಿಡ್ಬಹುದು ಸಾರ್, ತೊಂದರೆ ಇಲ್ಲ."

"ನೀವು ಸ್ವಲ್ಪ ಹೊರಗಿರಿ" ಎಂದರು ಚೇರ್ಮನ್. ಬಾಗಿಲು ಮುಚ್ಚಿತು. ಅವರು ದನಿ ತಗ್ಗಿಸಿದರು.

"ಇದನ್ನ ಮಡಚೋದು ಹೆಂಗಮ್ಮ?"

ತೋರಿಸಿದೆ. ಒಂದೇ ಸಲಕ್ಕೆ ಕಲಿತರು. ಮಡಚಿದರು, ಬಿಚ್ಚಿದರು, ಮಡಚಿದರು. ಟಕ್, ಟಕ್ ಎಂದಾಗಲೆಲ್ಲ ಮುಖ ಹತ್ತು ವರ್ಷ ಎಳೆಯದಾಗುತ್ತಿತ್ತು. ಆಮೇಲೆ ಮ್ಯಾನೇಜರನ್ನು ಕರೆದರು.

"ಇವರನ್ನ ಖಾಯಂ ಮಾಡಿ, ಇವತ್ತೇ. ನಾನು ಬಗ್ಗಿದಾಗಲೆಲ್ಲ ನೀವು ಹಾರ, ಶಾಲು ಹಾಕಿಸ್ತಾ ಇದ್ರಿ. ಸಹಾಯ ಮಾಡೋಕೆ ಎದ್ದಿದ್ದು ಈ ಹುಡುಗಿ ಒಬ್ಬಳೇ."

ಆರ್ಡರು ಅಚ್ಚಾಗಿ ಮೇಜಿನ ಮೇಲೆ ಬಂತು. ಅಷ್ಟರಲ್ಲಿ ವಿಮಾನಕ್ಕೆ ಹೊತ್ತಾಯಿತೆಂದು ಡ್ರೈವರ್ ಬಂದರು. ಚೇರ್ಮನ್ ಮ್ಯಾನೇಜರರ ಬಲಗೈ ಕುಲುಕಿ, ಎಡಗೈಗೆ ಬಿಚ್ಚಿದ ಚಾಕು ಇಟ್ಟರು. "ನೀವೂ ಕಲೀರಿ ಇದನ್ನ. ಬಹಳ ಸುಲಭ" ಎಂದು ಹೊರಟುಹೋದರು.

ಕಾರಿನ ಸದ್ದು ಗೇಟು ದಾಟುವವರೆಗೆ ಮ್ಯಾನೇಜರ್ ಕಾದರು.

"ಆರ್ಡರ್ ಸೋಮವಾರ ನೋಡೋಣ. ಇನ್ನೂ ಯೋಚನೆ ಮಾಡೋದಿದೆ." ಮಾತಾಡುತ್ತಲೇ ಪಟ್ಟಿಯನ್ನು ಸರಿಸಿದರು. ಸಭೆಯಲ್ಲಿ ನಾನು ಮಾಡಿದ ಸನ್ನೆ ನೆನಪಿತ್ತೇನೋ, ಸರಿಯಾಗಿಯೇ ಸರಿಸಿದರು. ಬ್ಲೇಡು ಅರ್ಧ ಮಡಚಿಕೊಂಡಿತು. ಆಗ ಅವರಿಗೆ, ಅದು ಬರುವ ದಾರಿಯಲ್ಲೇ ತಮ್ಮ ನಾಲ್ಕೂ ಬೆರಳು ಇವೆ ಎಂದು ಕಂಡಿತು. ಅಲ್ಲೇ ಕಲ್ಲಾದರು.

"ಏನಮ್ಮ ನೋಡ್ತಾ ನಿಂತಿದ್ದೀಯ? ಬಿಡಿಸು!"

"ಬಿಡಿಸ್ತೀನಿ ಸರ್. ನೀವು ಅಲ್ಲಾಡಬೇಡಿ." ಆರ್ಡರನ್ನು ಅವರ ಮುಂದಕ್ಕೆ ಸರಿಸಿದೆ. ಪೆನ್ನಿನ ಮುಚ್ಚಳ ತೆಗೆದಿಟ್ಟೆ. "ಅಷ್ಟರಲ್ಲಿ ಇದೊಂದು."

"ಸೋಮವಾರ ಅಂದ್ನಲ್ಲ! ನನ್ನ ಕೈ ನೋಡು ಎಂಥ ಸ್ಥಿತೀಲಿದೆ!"

"ಅದು ಎಡಗೈ ಸರ್. ಸಹಿಗೆ ಬಲಗೈ ಸಾಕು."

ಅವರು ನನ್ನನ್ನು ನೋಡಿದರು. ಬ್ಲೇಡನ್ನು ನೋಡಿದರು. ಸಹಿ ಹಾಕಿದರು. ಕೆಳಗೆ ತಾರೀಖನ್ನೂ ಬರೆದರು. ನಾನು ಬಿಡಿಸಿದೆ.

ಆ ಕೋಣೆಯಲ್ಲಿ ಚಾಕು ಹಿಡಿದಿದ್ದವರು ಅವರೊಬ್ಬರೇ. ಚಾಕು ತೋರಿಸಿ ಸಹಿ ಹಾಕಿಸಿಕೊಂಡಳು ಎಂಬ ದೂರು ಮಾತ್ರ ಇವತ್ತಿಗೂ ನನ್ನ ಮೇಲಿದೆ.